ಆ ಐದು ಜನರ ಹೆಸರು ನಿಮಗೆ ಗೊತ್ತಾ?

ಪ್ರಶ್ನೆ: ನನಗೆ 26 ವರ್ಷ. ಹಾಡು ಬರೆದು, ರಾಗ ಹಾಕಿ, ಗಿಟಾರ್ ಹಿಡಿದು ನಾನೇ ಹಾಡುತ್ತೇನೆ. ಹಗಲು ಆಫೀಸು, ರಾತ್ರಿ ಸಂಗೀತ. ಎರಡು ವರ್ಷದಲ್ಲಿ 11 ಹಾಡು ಆನ್‌ಲೈನ್‌ನಲ್ಲಿ ಬಿಟ್ಟಿದ್ದೇನೆ. ಇನ್‌ಸ್ಟಾಗ್ರಾಂನಲ್ಲಿ ನಾಲ್ಕು ಸಾವಿರ ಫಾಲೋವರ್ಸ್ ಇದ್ದಾರೆ. ಆದರೆ ಕಳೆದ ತಿಂಗಳು ಮೊದಲ ಸಲ ಸ್ವಂತ ಕಾರ್ಯಕ್ರಮ ಇಟ್ಟುಕೊಂಡಾಗ ಬಂದವರು 14 ಜನ. ಅದರಲ್ಲಿ 9 ಜನ ನೆಂಟರು ಮತ್ತು ಆಫೀಸಿನವರು. ಈ ಕ್ಷೇತ್ರದಲ್ಲಿ ನನಗೆ ಯಾರ ಪರಿಚಯವೂ ಇಲ್ಲ. ಸಾವಿರ ನಿಜವಾದ ಅಭಿಮಾನಿಗಳಿದ್ದರೆ ಜೀವನ ನಡೆಯುತ್ತದೆ ಎಂದು ಓದಿದೆ. ನಿಜವಾ? ಒಬ್ಬರು ಮ್ಯಾನೇಜರ್ ಆಗುತ್ತೇನೆ, ಐದು ವರ್ಷಕ್ಕೆ ಸಹಿ ಹಾಕಿ ಎನ್ನುತ್ತಿದ್ದಾರೆ. ಹಾಕಲೇ? ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಇಳಿಯಲೇ?

ಉತ್ತರ:

ನಿಮ್ಮ ಪತ್ರ ಓದಿ ನಾನು ಮೊದಲು ಮಾಡಿದ್ದು ಕಳೆಯುವ ಲೆಕ್ಕ. 14ರಲ್ಲಿ 9 ಹೋದರೆ 5. ನಿಮ್ಮ ಮುಖಪರಿಚಯ ಇಲ್ಲದ, ನಿಮ್ಮ ಹಂಗಿಲ್ಲದ ಐದು ಜನ ಒಂದು ಸಂಜೆ ಮನೆ ಬಿಟ್ಟು ನಿಮ್ಮ ಹಾಡು ಕೇಳಲು ಬಂದಿದ್ದಾರೆ. ನೀವು ನಾಲ್ಕು ಸಾವಿರದ ಲೆಕ್ಕ ಹೇಳಿದ್ದೀರಿ, ನೆಂಟರ ಲೆಕ್ಕ ಹೇಳಿದ್ದೀರಿ, ಈ ಐವರ ಬಗ್ಗೆ ಒಂದು ಸಾಲೂ ಬರೆದಿಲ್ಲ. ಅವರ ಹೆಸರು ಕೇಳಿದಿರಾ? ನಿಮ್ಮನ್ನು ಎಲ್ಲಿ ಕೇಳಿದ್ದರಂತೆ? ಯಾವ ಹಾಡಿಗೆ ಬಂದಿದ್ದರು? ಕೇಳಿರಲಿಕ್ಕಿಲ್ಲ ಎಂದು ನನ್ನ ಊಹೆ. ನಾನೂ ಕೇಳಿರಲಿಲ್ಲ. ಕಾರ್ಯಕ್ರಮ ಮುಗಿದ ಕೂಡಲೇ ಕೇಬಲ್ ಸುತ್ತುವ ನೆಪದಲ್ಲಿ ತಲೆ ತಗ್ಗಿಸಿ ಕೂರುವುದು ನನ್ನ ಅಭ್ಯಾಸವಾಗಿತ್ತು. ಜನ ಕಡಿಮೆ ಬಂದ ದಿನ ಇನ್ನೂ ಜಾಸ್ತಿ ಸುತ್ತುತ್ತಿದ್ದೆ.

ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೇರೆಯವರ ಹಾಡುಗಳಿಗೆ ಬೇಸ್ ಗಿಟಾರ್ ನುಡಿಸಿದವನು. ಆಮೇಲೆ ಕೆಲವು ಬ್ಯಾಂಡ್‌ಗಳ ವ್ಯವಹಾರವನ್ನೂ ನೋಡಿಕೊಂಡೆ. ಸ್ಟಾರ್ ಆಗಲಿಲ್ಲ. ಆದರೆ ಬಾಡಿಗೆ ಕಟ್ಟಿದ್ದು ಸಂಗೀತದ ದುಡ್ಡಿನಿಂದಲೇ. ಹಾಗಾಗಿ ನಾನು ಹೇಳುವುದು ಸ್ಟಾರ್ ಆಗುವ ದಾರಿಯಲ್ಲ. ಆ ದಾರಿ ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಕೋರ್ಸ್ ಮಾರುವವರಿಗೂ ಗೊತ್ತಿರುವಂತೆ ಕಾಣುವುದಿಲ್ಲ.

ಫಾಲೋವರ್ಸ್ ಮತ್ತು ಬಳಗ ಒಂದೇ ಅಲ್ಲ. ಫಾಲೋ ಮಾಡುವವನಿಗೆ ನೀವು ಮಾತ್ರ ಗೊತ್ತು. ಪಕ್ಕದಲ್ಲಿ ಫಾಲೋ ಮಾಡುತ್ತಿರುವ ಇನ್ನೊಬ್ಬ ಗೊತ್ತಿಲ್ಲ. ಬಳಗದಲ್ಲಿ ಒಬ್ಬರಿಗೊಬ್ಬರು ಗೊತ್ತು. ನೀವು ಆರು ತಿಂಗಳು ಹಾಡು ಬಿಡದಿದ್ದರೆ ಫಾಲೋವರ್ಸ್ ಮರೆಯುತ್ತಾರೆ, ಅವರ ತಪ್ಪೇನೂ ಇಲ್ಲ. ಬಳಗ ಮಾತ್ರ ನೀವಿಲ್ಲದಾಗಲೂ ಒಟ್ಟಿಗೆ ಸೇರುತ್ತಿರುತ್ತದೆ.

ಇದಕ್ಕೆ ನನಗೆ ಬಹಳ ಇಷ್ಟವಾದ ಒಂದು ಕಥೆ ಇದೆ. ಅಮೆರಿಕದ ವಾಷಿಂಗ್ಟನ್ ಡಿಸಿಯಲ್ಲಿ ಟೀನ್ ಐಡಲ್ಸ್ ಎಂಬ ಹುಡುಗರ ಪಂಕ್ ಬ್ಯಾಂಡ್ ಇತ್ತು. ಇಯನ್ ಮೆಕಾಯ್ ಬೇಸ್, ಜೆಫ್ ನೆಲ್ಸನ್ ಡ್ರಮ್ಸ್. ಕಾರ್ಯಕ್ರಮಗಳಿಂದ ಬಂದ ದುಡ್ಡನ್ನು ಹಂಚಿಕೊಳ್ಳದೆ ಒಂದು ಸಿಗಾರ್ ಡಬ್ಬಿಯಲ್ಲಿ ಹಾಕಿಡುತ್ತಿದ್ದರು. 1980ರಲ್ಲಿ ಬ್ಯಾಂಡ್ ಒಡೆಯಿತು. ಡಬ್ಬಿಯಲ್ಲಿ ಸುಮಾರು 600 ಡಾಲರ್ ಇತ್ತು. ಒಡೆದ ಬ್ಯಾಂಡು ಸಾಮಾನ್ಯವಾಗಿ ಏನು ಮಾಡುತ್ತದೆ? ಹಂಚಿಕೊಂಡು ಮನೆಗೆ ಹೋಗುತ್ತದೆ. ಇವರು ಆ ದುಡ್ಡಿನಲ್ಲಿ ತಮ್ಮ ಹಾಡುಗಳ ಒಂದು ಪುಟ್ಟ ರೆಕಾರ್ಡ್ ಹಾಕಿಸಿದರು. ಹೊದಿಕೆ ಹೇಗೆ ಮಾಡುವುದು ಎಂದು ಗೊತ್ತಿರಲಿಲ್ಲ. ಬೇರೆ ರೆಕಾರ್ಡ್ ಒಂದರ ಹೊದಿಕೆ ಬಿಚ್ಚಿ, ಅದರ ಅಳತೆ ತೆಗೆದು, ಗೆಳೆಯರನ್ನು ಕೂಡಿಸಿಕೊಂಡು ಕತ್ತರಿ ಅಂಟು ಹಿಡಿದು ಕೈಯಾರೆ ಮಡಚಿದರು. ಆ ಬ್ಯಾಂಡ್ ಆಗಲೇ ಇರಲಿಲ್ಲ, ನೋಡಿ. ರೆಕಾರ್ಡ್ ಮಾಡಿದ್ದು ತಮ್ಮ ಸುತ್ತಲಿನ ಜನರಿಗಾಗಿ. ಅದರಿಂದ ಬಂದ ದುಡ್ಡಲ್ಲಿ ಗೆಳೆಯರ ಬ್ಯಾಂಡ್‌ಗಳ ರೆಕಾರ್ಡ್ ಮಾಡಿದರು. ಹೀಗೆ ಹುಟ್ಟಿದ ಡಿಸ್ಕಾರ್ಡ್ ರೆಕಾರ್ಡ್ಸ್ ಎಂಬ ರೆಕಾರ್ಡ್ ಕಂಪನಿ ನಲವತ್ತು ವರ್ಷ ದಾಟಿ ಬಂದಿದೆ. ಮೆಕಾಯ್ ಆಮೇಲೆ ಕಟ್ಟಿದ ಫುಗಾಜಿ ಬ್ಯಾಂಡ್ ದೊಡ್ಡ ಹೆಸರು ಮಾಡಿದ ಮೇಲೂ ಟಿಕೆಟ್ ಐದು ಡಾಲರ್ ಆಸುಪಾಸಿನಲ್ಲೇ ಇಡಲು ಹಟ ಹಿಡಿಯಿತು, ಎಲ್ಲ ವಯಸ್ಸಿನವರಿಗೂ ಬಾಗಿಲು ತೆರೆದಿಟ್ಟಿತು.

ಇದನ್ನು ಹೇಳಿದಾಗ ಹುಡುಗರು "ಸಾರ್, ಅದು ಆಗಿನ ಕಾಲ" ಅನ್ನುತ್ತಾರೆ. ಸರಿ, ಈಗ ಕತ್ತರಿ ಅಂಟು ಬೇಡ. ಆದರೆ ನಾನು ನಿಮಗೆ ತೋರಿಸಬೇಕೆಂದಿದ್ದು ಹೊದಿಕೆಯನ್ನಲ್ಲ, ಅದನ್ನು ಮಡಚಲು ಕೂತ ಗೆಳೆಯರನ್ನು. ನಿಮ್ಮ 11 ಹಾಡುಗಳಲ್ಲಿ ಎಷ್ಟರಲ್ಲಿ ಬೇರೆಯವರ ಕೈ ಇದೆ? ಎಲ್ಲವನ್ನೂ ನೀವೇ ಬರೆದು, ನೀವೇ ನುಡಿಸಿ, ನೀವೇ ಮಿಕ್ಸ್ ಮಾಡಿ, ನೀವೇ ಬಿಟ್ಟಿದ್ದರೆ ಆ ಹಾಡು ಚೆನ್ನಾಗಿ ಓಡಲಿ ಎಂದು ಹಾರೈಸುವವರು ಜಗತ್ತಿನಲ್ಲಿ ಒಬ್ಬರೇ. ಒಂದು ಹಾಡಿಗೆ ಪಿಟೀಲು ಯಾರೋ, ಮಿಕ್ಸಿಂಗ್ ಇನ್ಯಾರೋ, ಮುಖಪುಟದ ಚಿತ್ರ ಮತ್ಯಾರೋ ಮಾಡಿದರೆ ಆ ಹಾಡಿಗೆ ನಾಲ್ಕು ಮನೆ. ನಾಲ್ಕು ಮನೆಯವರೂ ಅದನ್ನು ತಮ್ಮದು ಅಂದುಕೊಳ್ಳುತ್ತಾರೆ.

"ಪರಿಚಯವೇ ಇಲ್ಲ" ಎಂದಿರಿ. ಪರಿಚಯ ಮಾಡಿಕೊಳ್ಳುವುದು ಎಂದರೆ ದೊಡ್ಡವರ ನಂಬರ್ ಹುಡುಕಿ ಲಿಂಕ್ ಕಳಿಸುವುದಲ್ಲ. ಹಾಗೆ ಬಂದ ಲಿಂಕುಗಳನ್ನು ನಾನೇ ತೆರೆಯುವುದಿಲ್ಲ, ಇನ್ನು ಅವರೆಲ್ಲಿ ತೆರೆಯುತ್ತಾರೆ. ಮೊದಲು ನೀವು ಕೇಳುಗರಾಗಿ ಹೋಗಿ. ನಿಮ್ಮಷ್ಟೇ ಹೊಸಬರಾದ, ನಿಮ್ಮಷ್ಟೇ ಖಾಲಿ ಕುರ್ಚಿಗಳಿಗೆ ಹಾಡುತ್ತಿರುವವರ ಕಾರ್ಯಕ್ರಮಕ್ಕೆ ಹೋಗಿ. ಟಿಕೆಟ್ ಕೊಂಡು ಹೋಗಿ, ಪುಕ್ಕಟೆ ಪಾಸ್ ಕೇಳಬೇಡಿ. ಕೊನೆವರೆಗೂ ಕೂತಿದ್ದು, ಮುಗಿದ ಮೇಲೆ ಅವರ ಹಾಡಿನ ಬಗ್ಗೆ ಒಂದು ನಿಜವಾದ ಮಾತು ಹೇಳಿ ಬನ್ನಿ. "ಸೂಪರ್ ಆಗಿತ್ತು" ಎಂಬುದು ಮಾತಲ್ಲ. "ಎರಡನೇ ಚರಣದಲ್ಲಿ ಗಿಟಾರ್ ನಿಲ್ಲಿಸಿದ್ರಲ್ಲ, ಅಲ್ಲಿ ನನಗೆ ಮೈ ಜುಮ್ ಅಂತು" ಎಂಬುದು ಮಾತು. ನಿಮ್ಮ ಹಾಡಿನ ಸುದ್ದಿ ಆ ದಿನ ಎತ್ತಲೇಬೇಡಿ. ಮೂರನೇ ಸಲ ನೀವು ಹೋದಾಗ ಅವರೇ ಕೇಳುತ್ತಾರೆ, "ನೀವೂ ಹಾಡ್ತೀರಂತಲ್ಲ?"

ಅಲ್ಲಿಂದ ಮುಂದಿನ ಹೆಜ್ಜೆ, ಮೂವರು ಸೇರಿ ಒಂದೇ ಸಂಜೆ ಹಂಚಿಕೊಳ್ಳುವುದು. ಒಬ್ಬೊಬ್ಬರಿಗೂ ಐದೈದು ಜನ ಸ್ವಂತ ಕೇಳುಗರಿದ್ದರೆ ಹದಿನೈದು ಜನ ಆಯಿತು. ಮೂವತ್ತು ಕುರ್ಚಿಯ ಜಾಗ ಹುಡುಕಿ, ನೂರು ಕುರ್ಚಿಯದು ಬೇಡ. ನೂರು ಕುರ್ಚಿಯಲ್ಲಿ ಇಪ್ಪತ್ತು ಜನ ಕೂತರೆ ಸೋತ ಕಾರ್ಯಕ್ರಮ, ಮೂವತ್ತು ಕುರ್ಚಿಯಲ್ಲಿ ಅದೇ ಇಪ್ಪತ್ತು ಜನ ಕೂತರೆ ತುಂಬಿದ ಕಾರ್ಯಕ್ರಮ. ಇದನ್ನು ತಿಂಗಳಿಗೊಮ್ಮೆ, ಅದೇ ವಾರ, ಅದೇ ಜಾಗದಲ್ಲಿ ಮಾಡಿ. ಜಾಗ ಬದಲಿಸುತ್ತಾ ಹೋದರೆ ಬಳಗ ಬೆಳೆಯುವುದಿಲ್ಲ. ಜನರಿಗೆ "ತಿಂಗಳ ಎರಡನೇ ಶನಿವಾರ ಅಲ್ಲಿ ಏನೋ ಇರುತ್ತೆ" ಅನ್ನಿಸಬೇಕು. ಯಾರು ಹಾಡುತ್ತಾರೆ ಎನ್ನುವುದು ಆಮೇಲೆ. ನಿಮ್ಮ ಸರದಿ ಮುಗಿದ ಮೇಲೆ ಎದ್ದು ಹೋಗಬೇಡಿ. ಇದನ್ನು ಎಷ್ಟು ಜನ ಮಾಡುತ್ತಾರೆ ಗೊತ್ತಾ? ತನ್ನ ನಾಲ್ಕು ಹಾಡು ಹಾಡಿ, ತನ್ನ ಕಡೆಯವರನ್ನೆಲ್ಲ ಕರೆದುಕೊಂಡು ಹೊರಗೆ ಹೋಗಿ ಹರಟೆ. ಒಳಗೆ ಮುಂದಿನವನು ಪಾಪ ಗೋಡೆಗೆ ಹಾಡುತ್ತಿರುತ್ತಾನೆ. ಅವನು ಅದನ್ನು ಮರೆಯುವುದಿಲ್ಲ.

ಬಾಗಿಲಲ್ಲಿ ಒಂದು ನೋಟ್‌ಬುಕ್ ಇಡಿ. ಹೆಸರು, ಇಮೇಲ್. ಇದು ಹಳೇ ಉಪಾಯ. ಗ್ರೇಟ್‌ಫುಲ್ ಡೆಡ್ ಬ್ಯಾಂಡ್ 1971ರಲ್ಲೇ ಒಂದು ಆಲ್ಬಂನ ಹೊದಿಕೆಯ ಒಳಗೆ, ನೀವು ಯಾರು, ಎಲ್ಲಿದ್ದೀರಿ, ಹೇಗಿದ್ದೀರಿ ಎಂದು ಕೇಳಿ, ವಿಳಾಸ ಕಳಿಸಿ ಎಂದು ಅಚ್ಚು ಹಾಕಿಸಿತ್ತು. ಯಾವುದೋ ಆ್ಯಪ್ ನಾಳೆ ತನ್ನ ನಿಯಮ ಬದಲಿಸಿದರೆ ನಿಮ್ಮ ನಾಲ್ಕು ಸಾವಿರ ಜನರಿಗೆ ನೀವು ಹೇಳಿದ್ದು ತಲುಪುವುದೇ ಇಲ್ಲ. ನೋಟ್‌ಬುಕ್ಕಿನ ನಲವತ್ತು ಹೆಸರು ನಿಮ್ಮ ಕೈಯಲ್ಲೇ ಇರುತ್ತದೆ.

ಈಗ ಇನ್ನೊಂದು ಬಳಗ, ಕೆಲಸದ್ದು. ಇಲ್ಲಿ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಸಹಿಸಿಕೊಳ್ಳಿ.

ಸಂಗೀತದಲ್ಲಿ ಮೊದಲನೇ ಕರೆ ಅದೃಷ್ಟಕ್ಕೂ ಬರುತ್ತದೆ. ಎರಡನೇ ಕರೆ ಮಾತ್ರ ಅದೃಷ್ಟಕ್ಕೆ ಬರುವುದಿಲ್ಲ. ಕ್ಯಾರಲ್ ಕೇ ಎಂಬ ಅಮೆರಿಕದ ಗಿಟಾರ್ ವಾದಕಿ 1963ರಲ್ಲಿ ಒಂದು ರೆಕಾರ್ಡಿಂಗ್‌ಗೆ ಹೋಗಿದ್ದರು. ಬೇಸ್ ನುಡಿಸಬೇಕಾದವರು ಅಂದು ಬರಲಿಲ್ಲ. ಇವರ ಕೈಗೆ ಬೇಸ್ ಕೊಟ್ಟರು. ಅಲ್ಲಿಂದ ಮುಂದೆ ಲಾಸ್ ಏಂಜಲೀಸ್‌ನ ಸ್ಟುಡಿಯೋಗಳಲ್ಲಿ ಅವರು ನುಡಿಸಿದ ಬೇಸ್‌ಗೆ ಲೆಕ್ಕವೇ ಇಲ್ಲ. ಆ ದಿನ ಬಾರದೆ ಹೋದವರ ಬಗ್ಗೆ ನಾನು ಆಗಾಗ ಯೋಚಿಸುತ್ತೇನೆ. ಹೊಟ್ಟೆನೋವೇ ಇದ್ದಿರಬಹುದು.

ಎರಡನೇ ಕರೆ ಯಾರಿಗೆ ಬರುತ್ತದೆ ಎಂದು ನಾನು ನೋಡಿದ್ದನ್ನು ಹೇಳುತ್ತೇನೆ. ಹತ್ತು ನಿಮಿಷ ಮೊದಲೇ ಬಂದು ಟ್ಯೂನ್ ಮಾಡಿ ಕೂತವರಿಗೆ. ಬಿಡಿ ತಂತಿ, ಬಿಡಿ ಕೇಬಲ್, ಬಿಡಿ ಬ್ಯಾಟರಿ ಚೀಲದಲ್ಲಿ ಇಟ್ಟುಕೊಂಡವರಿಗೆ. ಸೌಂಡ್ ಮಾಡುವವರ ಹೆಸರು ಕೇಳಿ ತಿಳಿದುಕೊಂಡವರಿಗೆ. "ಇಲ್ಲಿ ಬೇಸ್ ಬೇಡ" ಅಂದರೆ ಮುಖ ಊದಿಸಿಕೊಳ್ಳದವರಿಗೆ. ಕಡೆಯದು ಬಹಳ ಕಷ್ಟ. ನಾನು ಕಲಿಯಲು ಏಳೆಂಟು ವರ್ಷ ಬೇಕಾಯಿತು. ಬೆರಳು ನನಗಿಂತ ಎಷ್ಟೋ ಚುರುಕಾಗಿ ಓಡುವವರು ಮನೆಯಲ್ಲಿ ಕೂತಿದ್ದರು, ನಾನು ಸ್ಟುಡಿಯೋದಲ್ಲಿದ್ದೆ.

ಕೆಲಸದ ಭಾಷೆಯೂ ಗೊತ್ತಿರಬೇಕು. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ 1950ರ ದಶಕದ ಕೊನೆಗೆ ಜೋರ್ಡನೇರ್ಸ್ ಎಂಬ ಗಾಯಕರ ತಂಡದ ನೀಲ್ ಮ್ಯಾಥ್ಯೂಸ್ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು, ಹೆಸರಿನ ಬದಲು ಅಂಕಿಗಳಲ್ಲಿ ಬರೆಯುವ ಪದ್ಧತಿ ತಂದರು. ಚಾರ್ಲಿ ಮೆಕಾಯ್ ಅದನ್ನು ಬೇರೆ ವಾದಕರ ನಡುವೆ ಹಬ್ಬಿಸಿದರು. ನಮಗೆ ಇದು ಅರ್ಥವಾಗುವುದು ಸುಲಭ. ಶ್ರುತಿ ಎಲ್ಲಿಗೆ ಹೋದರೂ ಸ ಸ ಆಗೇ ಇರುತ್ತದೆ, ಪ ಪ ಆಗೇ ಇರುತ್ತದೆ ಅಲ್ವಾ? ಹಾಗೇ 1, 4, 5. ಗಾಯಕಿಗೆ ಗಂಟಲು ಸರಿಯಿಲ್ಲ, ಅರ್ಧ ಮನೆ ಇಳಿಸೋಣ ಎಂದರೆ ಹಾಳೆ ಬದಲಿಸಬೇಕಾಗಿಲ್ಲ, ತಕ್ಷಣ ಶುರು. ನೀವು ಹಾಡು ಬರೆಯುವವರು, ಸ್ವರಲಿಪಿ ಓದಲು ಬಾರದಿದ್ದರೂ ಪರವಾಗಿಲ್ಲ. ಆದರೆ ನಿಮ್ಮ ಹಾಡನ್ನು ಹೀಗೆ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಹೊಸ ಡ್ರಮ್ಮರ್ ಎದುರು "ಇಲ್ಲಿ ಒಂಥರಾ ಫೀಲ್ ಬರಬೇಕು" ಎಂದು ಮುಕ್ಕಾಲು ಗಂಟೆ ವಿವರಿಸಿದರೆ ಅವರು ಮುಂದಿನ ಸಲ ಬಿಡುವಿಲ್ಲ ಎನ್ನುತ್ತಾರೆ.

ಬಳಗ, ಸ್ನೇಹ ಎಂದೆಲ್ಲ ಹೇಳಿ ಈಗ ಕಾಗದದ ಮಾತಿಗೆ ಬರುತ್ತೇನೆ. ನನ್ನನ್ನು ಸುಟ್ಟ ವಿಷಯ ಇದು. ವರ್ಷಗಳ ಹಿಂದೆ ಗೆಳೆಯರೊಬ್ಬರ ಹಾಡಿಗೆ ನುಡಿಸಲು ಹೋಗಿದ್ದೆ. ಪಲ್ಲವಿ ಎಲ್ಲೋ ಸಿಕ್ಕಿಕೊಂಡಿತ್ತು. ಅವರು ಊಟಕ್ಕೆ ಹೋದಾಗ ನಾನು ಸುಮ್ನೆ ಒಂದು ಸಾಲಿನ ರಾಗ ಗುನುಗಿದೆ, ಅದೇ ಉಳಿಯಿತು. ಹಾಡು ಗೆದ್ದಿದ್ದೂ ಆ ಸಾಲಿನಿಂದಲೇ. ನನಗೆ ಸಿಕ್ಕಿದ್ದು ಅವತ್ತಿನ ಒಂದು ದಿನದ ಕೂಲಿ. ಕೇಳಲು ಹೋದಾಗ "ನಾವು ಹಾಗೆಲ್ಲ ಮಾತಾಡಿರಲಿಲ್ಲ ಅಲ್ವಾ" ಎಂದರು. ನಿಜ, ಮಾತಾಡಿರಲಿಲ್ಲ. ದುಡ್ಡೂ ಹೋಯಿತು, ಸ್ನೇಹವೂ ಹೋಯಿತು. ಈಗಲೂ ನನಗೆ ನೋಯುವುದು ಎರಡನೆಯದು.

ಹಾಗಾಗಿ ಒಂದು ವಿಷಯ ಚೆನ್ನಾಗಿ ತಿಳಿದುಕೊಳ್ಳಿ. ಒಂದು ಹಾಡಿನಲ್ಲಿ ಎರಡು ಆಸ್ತಿ ಇದೆ. ಒಂದು, ಸಾಹಿತ್ಯ ಮತ್ತು ರಾಗ, ಅಂದರೆ ಹಾಡು. ಎರಡು, ಅದರ ಧ್ವನಿಮುದ್ರಣ, ಅಂದರೆ ಮಾಸ್ಟರ್. ನಿಮ್ಮ ಹಾಡನ್ನು ಬೇರೊಬ್ಬರು ಹಾಡಿ ರೆಕಾರ್ಡ್ ಮಾಡಿದರೆ ಮೊದಲನೆಯದು ನಿಮ್ಮದು, ಎರಡನೆಯದು ಅವರದು. ಎರಡಕ್ಕೂ ದುಡ್ಡು ಬೇರೆ ಬೇರೆ ದಾರಿಯಲ್ಲಿ ಬರುತ್ತದೆ. ಹೊಸಬರಲ್ಲಿ ಹೆಚ್ಚಿನವರು ಆ್ಯಪ್‌ಗಳಿಗೆ ಹಾಡು ತಲುಪಿಸುವ ಡಿಸ್ಟ್ರಿಬ್ಯೂಟರ್ ಮೂಲಕ ಬರುವ ಮಾಸ್ಟರ್ ದುಡ್ಡೊಂದನ್ನೇ ನೋಡುತ್ತಾರೆ. ಬರೆದವರ ಪಾಲು ಹಕ್ಕುಸಂಘದಲ್ಲಿ ಹೆಸರು ನೋಂದಾಯಿಸಿದರೆ ಮಾತ್ರ ಬರುತ್ತದೆ ಎಂದು ಗೊತ್ತೇ ಇರುವುದಿಲ್ಲ.

ಈ ಸಂಘಗಳು ಹುಟ್ಟಿದ ಕಥೆ ಮಜವಾಗಿದೆ. 1847, ಪ್ಯಾರಿಸ್. ಎರ್ನೆಸ್ಟ್ ಬೂರ್ಜೆ ಎಂಬ ಹಾಡು ಬರೆಯುವವರು ಒಂದು ಕೆಫೆಯಲ್ಲಿ ಕೂತು ಸಕ್ಕರೆ ನೀರು ಕುಡಿಯುತ್ತಿದ್ದರು. ಅಲ್ಲಿ ಅವರದೇ ಹಾಡು ನುಡಿಸುತ್ತಿದ್ದರು. ಬಿಲ್ ಬಂದಾಗ ಕೊಡುವುದಿಲ್ಲ ಎಂದರು. ನೀವು ನನ್ನ ಹಾಡಿಗೆ ದುಡ್ಡು ಕೊಡದೆ ಬಳಸುತ್ತಿದ್ದೀರಿ, ನಾನು ನಿಮ್ಮ ನೀರಿಗೆ ಕೊಡುವುದಿಲ್ಲ ಎಂಬ ವಾದ. ಕೋರ್ಟಿಗೆ ಹೋಗಿ ಗೆದ್ದೂ ಬಿಟ್ಟರು. ಆದರೆ ಒಬ್ಬೊಬ್ಬರೇ ಎಷ್ಟು ಕೆಫೆಗಳ ಹಿಂದೆ ಓಡುವುದು? 1851ರಲ್ಲಿ ಸಾಸೆಮ್ ಎಂಬ ಸಂಘ ಹುಟ್ಟಿತು. ಎಲ್ಲರ ಪರವಾಗಿ ವಸೂಲಿ ಮಾಡಿ ಹಂಚುವುದು ಅದರ ಕೆಲಸ. ಈಗ ಹೆಚ್ಚಿನ ದೇಶಗಳಲ್ಲಿ ಇಂಥ ಸಂಘಗಳಿವೆ. ಒಂದರಲ್ಲಿ ನೋಂದಾಯಿಸಿದರೆ ಬೇರೆ ದೇಶಗಳ ಸಂಘಗಳ ಜೊತೆಗಿನ ಒಪ್ಪಂದದ ಮೂಲಕ ಅಲ್ಲಿನ ಪಾಲೂ ಬರುತ್ತದೆ. ಹಾಡಿದವರಿಗೆ ಮತ್ತು ನುಡಿಸಿದವರಿಗೆ ಬೇರೆ ಹಕ್ಕಿದೆ. 1961ರ ರೋಮ್ ಒಪ್ಪಂದ ಅದರ ತಳಪಾಯ. ಅಮೆರಿಕ ಅದಕ್ಕೆ ಸೇರಲೇ ಇಲ್ಲ, ಅಲ್ಲಿನ ಸಾಮಾನ್ಯ ರೇಡಿಯೋದಲ್ಲಿ ಹಾಡು ಬಂದರೆ ಹಾಡಿದವರಿಗೆ ಇವತ್ತಿಗೂ ಏನೂ ಇಲ್ಲ. ಇಂಟರ್‌ನೆಟ್ ರೇಡಿಯೋದಂಥ ಕಡೆ ಮಾತ್ರ ಸೌಂಡ್‌ಎಕ್ಸ್‌ಚೇಂಜ್ ಎಂಬ ಸಂಸ್ಥೆ ವಸೂಲಿ ಮಾಡಿ ಮಾಸ್ಟರ್ ಮಾಲೀಕರಿಗೆ ಶೇ. 50, ಮುಖ್ಯ ಕಲಾವಿದರಿಗೆ ಶೇ. 45, ಹಿಂದೆ ನುಡಿಸಿದವರ ನಿಧಿಗೆ ಶೇ. 5 ಹಂಚುತ್ತದೆ. ನನ್ನಂಥವರು ಆ ಐದರಲ್ಲಿ.

ಹಾಡು ಮುಗಿದ ದಿನವೇ, ಎಲ್ಲರೂ ಖುಷಿಯಾಗಿರುವಾಗಲೇ, ಒಂದು ಹಾಳೆಯಲ್ಲಿ ಬರೆದುಬಿಡಿ. ಹಾಡಿನ ಹೆಸರು, ದಿನಾಂಕ, ಸಾಹಿತ್ಯದಲ್ಲಿ ಯಾರಿಗೆ ಎಷ್ಟು, ರಾಗದಲ್ಲಿ ಯಾರಿಗೆ ಎಷ್ಟು, ಮಾಸ್ಟರ್ ಯಾರದು, ಕೂಲಿಗೆ ನುಡಿಸಿದವರು ಯಾರು. ಎಲ್ಲರ ಸಹಿ. ಇದನ್ನು ಸ್ಪ್ಲಿಟ್ ಶೀಟ್ ಅನ್ನುತ್ತಾರೆ. ಕಾಲು ಗಂಟೆಯ ಕೆಲಸ. ಮುಜುಗರ ಆಗುತ್ತದೆ, ಗೊತ್ತು. "ನಮ್ಮ ನಮ್ಮಲ್ಲಿ ಇದೆಲ್ಲ ಯಾಕೆ" ಎಂದು ಯಾರಾದರೂ ಅಂದೇ ಅನ್ನುತ್ತಾರೆ. ಹಾಡು ಓಡದಿದ್ದರೆ ಆ ಹಾಳೆ ಯಾರಿಗೂ ಬೇಕಾಗುವುದಿಲ್ಲ. ಓಡಿದರೆ ಅದಿಲ್ಲದೆ ಆಗುವುದಿಲ್ಲ. ಹಾಂ, ಮೇಲೆ ಹೊಗಳಿದ ಡಿಸ್ಕಾರ್ಡ್‌ನವರು ಕರಾರುಪತ್ರವೇ ಇಲ್ಲದೆ ಬಾಯಿಮಾತಿನಲ್ಲಿ ನಡೆಸಿದರು, ಖರ್ಚು ಕಳೆದು ಉಳಿದ ಲಾಭವನ್ನು ಬ್ಯಾಂಡ್ ಜೊತೆ ಹಂಚಿಕೊಂಡರು. ಅವರಿಂದ ಆಯಿತು. ನಾನು ಒಮ್ಮೆ ಸುಟ್ಟುಕೊಂಡವನು, ಹಾಳೆ ಕೇಳುತ್ತೇನೆ.

ನಿಮ್ಮ 11 ಹಾಡುಗಳ ಐಎಸ್‌ಆರ್‌ಸಿ ಸಂಖ್ಯೆ ಬರೆದಿಟ್ಟುಕೊಂಡಿದ್ದೀರಾ? ಪ್ರತಿ ಧ್ವನಿಮುದ್ರಣಕ್ಕೂ 12 ಅಕ್ಷರ-ಅಂಕಿಗಳ ಒಂದು ಗುರುತು ಇರುತ್ತದೆ. ಡಿಸ್ಟ್ರಿಬ್ಯೂಟರ್ ಬದಲಿಸುವಾಗ ಹಳೇ ಸಂಖ್ಯೆಯನ್ನೇ ಕೊಡಬೇಕು, ಇಲ್ಲದಿದ್ದರೆ ಇಲ್ಲಿಯವರೆಗಿನ ಸ್ಟ್ರೀಮ್ ಲೆಕ್ಕ ಹೊಸ ಜಾಗಕ್ಕೆ ಸರಿಯಾಗಿ ಬಂದು ಸೇರದಿರಬಹುದು. ಇನ್ನು ಸ್ಪಾಟಿಫೈಯಲ್ಲಿ ಯಾರಾದರೂ 30 ಸೆಕೆಂಡ್ ಕೇಳಿದರೆ ಒಂದು ಸ್ಟ್ರೀಮ್. 2024ರಿಂದ ಒಂದು ಹಾಡಿಗೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸ್ಟ್ರೀಮ್ ಆಗದಿದ್ದರೆ ಮಾಸ್ಟರ್ ಪಾಲು ಬರುವುದಿಲ್ಲ, ಅದು ಉಳಿದ ಹಾಡುಗಳ ಲೆಕ್ಕಕ್ಕೆ ಹೋಗುತ್ತದೆ. ಹೊಸ ಹಾಡು ಬಿಡುವ ಏಳು ದಿನಕ್ಕೆ ಮುಂಚೆಯೇ ಅವರ ಕಲಾವಿದರ ಪುಟದಿಂದ ಅರ್ಜಿ ಹಾಕಿದರೆ ನಿಮ್ಮನ್ನು ಫಾಲೋ ಮಾಡುವವರ ಹೊಸ ಹಾಡುಗಳ ಪಟ್ಟಿಗಾದರೂ ಅದು ಹೋಗುತ್ತದೆ. ಅಷ್ಟು ಮಾಡಿ. ಅದಕ್ಕಿಂತ ಜಾಸ್ತಿ ಹೊತ್ತು ಅಲ್ಗಾರಿದಂ ಹಿಂದೆ ಓಡಬೇಡಿ. ದುಡ್ಡು ಕೊಟ್ಟು ಸ್ಟ್ರೀಮ್ ಕೊಳ್ಳುವುದಂತೂ ಬೇಡವೇ ಬೇಡ. ಸಿಕ್ಕಿಬಿದ್ದರೆ ಹಾಡನ್ನೇ ತೆಗೆದುಹಾಕುತ್ತಾರೆ.

ಸಾವಿರ ಅಭಿಮಾನಿಗಳ ಮಾತು ಕೆವಿನ್ ಕೆಲ್ಲಿ ಎಂಬ ಲೇಖಕರು 2008ರಲ್ಲಿ ಬರೆದದ್ದು. ಒಬ್ಬೊಬ್ಬರಿಂದ ವರ್ಷಕ್ಕೆ 100 ಡಾಲರ್ ಲಾಭ ಬಂದರೆ ಸಾವಿರ ಜನರಿಂದ ಒಂದು ಲಕ್ಷ ಡಾಲರ್ ಎಂಬ ಲೆಕ್ಕ. ಲೆಕ್ಕ ಸರಿ. ಹೇಳುವವರು ಎರಡು ಮಾತು ಬಿಟ್ಟುಬಿಡುತ್ತಾರೆ. ಅದು ಲಾಭ, ವ್ಯಾಪಾರ ಅಲ್ಲ. ಟೀ ಶರ್ಟ್ ಹೊಲಿಸಿದ ಖರ್ಚು, ಅಂಚೆ ಖರ್ಚು ಕಳೆದ ಮೇಲೆ ಉಳಿಯಬೇಕಾದ 100. ಎರಡನೆಯದು, ದುಡ್ಡು ನಡುವೆ ಯಾರ ಕೈಗೂ ಹೋಗದೆ ನೇರ ನಿಮಗೆ ಬರಬೇಕು. ನಾಲ್ವರ ಬ್ಯಾಂಡ್ ಆದರೆ ಸಾವಿರ ನಾಲ್ಕು ಸಾವಿರ ಆಗುತ್ತದೆ. ಆದರೂ ಆ ಮಾತಿನಲ್ಲಿ ಹುರುಳಿದೆ. 1997ರಲ್ಲಿ ಮ್ಯಾರಿಲಿಯನ್ ಎಂಬ ಇಂಗ್ಲಿಷ್ ಬ್ಯಾಂಡ್ ದುಡ್ಡಿಲ್ಲ ಎಂದು ಅಮೆರಿಕ ಪ್ರವಾಸ ಕೈಬಿಟ್ಟಿತು. ಅಲ್ಲಿನ ಅಭಿಮಾನಿಗಳು ಬ್ಯಾಂಡ್ ಕೇಳದಿದ್ದರೂ ಇಂಟರ್‌ನೆಟ್‌ನಲ್ಲಿ ತಾವೇ ಸೇರಿಕೊಂಡು ಸುಮಾರು 60,000 ಡಾಲರ್ ಕೂಡಿಸಿದರು. ಪ್ರವಾಸ ನಡೆಯಿತು. ಕೆಲ ವರ್ಷಗಳ ನಂತರ ಆ ಬ್ಯಾಂಡ್ ಇನ್ನೂ ರೆಕಾರ್ಡೇ ಮಾಡದ ಆಲ್ಬಂಗೆ ಮುಂಗಡ ಕೇಳಿದಾಗ 12,000ಕ್ಕೂ ಹೆಚ್ಚು ಜನ ಕೊಟ್ಟರು. ಇದು ಸಾಧ್ಯವಾಗಿದ್ದು ಆ ಜನ ಒಬ್ಬರಿಗೊಬ್ಬರು ಗೊತ್ತಿದ್ದರಿಂದ. ನಿಮ್ಮ ನಾಲ್ಕು ಸಾವಿರ ಜನರಲ್ಲಿ ಎಷ್ಟು ಮಂದಿಗೆ ಪರಸ್ಪರ ಗೊತ್ತು?

ಕೆಲಸ ಬಿಡಬೇಡಿ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಅಮೆರಿಕದ ಸಂಗೀತ ಸಂಯೋಜಕ ಫಿಲಿಪ್ ಗ್ಲಾಸ್ ಅವರ ಒಪೆರಾ, ಅಂದರೆ ಸಂಗೀತ ನಾಟಕ, 1976ರಲ್ಲಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾ ಹೌಸ್‌ನಲ್ಲಿ ನಡೆಯಿತು. ಅದಾದ ಮೇಲೂ ಅವರು ಟ್ಯಾಕ್ಸಿ ಓಡಿಸಲು ವಾಪಸ್ ಹೋದರು. ಅದಕ್ಕೂ ಮುಂಚೆ ನಲ್ಲಿ ರಿಪೇರಿ ಮಾಡುತ್ತಿದ್ದರು. ಸಂಗೀತದಿಂದಲೇ ಹೊಟ್ಟೆ ತುಂಬಲು ಶುರುವಾದಾಗ ಅವರಿಗೆ 41. ಅಲ್ಲಿನ ಇನ್ನೊಬ್ಬ ಸಂಯೋಜಕ ಚಾರ್ಲ್ಸ್ ಐವ್ಸ್ ಅಂತೂ ಇನ್ಶೂರೆನ್ಸ್ ವ್ಯವಹಾರ ನಡೆಸುತ್ತಲೇ ಸ್ವರ ಬರೆದರು, 1947ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಹೊಟ್ಟೆಪಾಡಿಗೆ ಬೇರೆ ದಾರಿ ಇದ್ದಾಗ ಕೆಟ್ಟ ಕರಾರಿಗೆ ಬೇಡ ಎನ್ನಲು ಧೈರ್ಯ ಇರುತ್ತದೆ. ಬಾಡಿಗೆ ಕಟ್ಟುವ ದಿನ ಹತ್ತಿರ ಬಂದಾಗ ನಾನು ಸಹಿ ಹಾಕಿದ ಕಾಗದಗಳನ್ನು ಈಗ ನೋಡಿದರೆ ನಗು ಬರುತ್ತದೆ, ಆಗ ಬಂದಿರಲಿಲ್ಲ. ಕೆಲಸ ಬಿಡುವುದಾದರೆ, ಒಂದು ವರ್ಷದ ಮನೆಖರ್ಚು ಬ್ಯಾಂಕಿನಲ್ಲಿದ್ದು, ಸಂಗೀತದ ಕೆಲಸಕ್ಕೆ ರಜೆ ಸಾಲದೆ ಆಫೀಸಿನಲ್ಲಿ ಬೈಸಿಕೊಳ್ಳುವಂತಾದ ಮೇಲೆ ಬಿಡಿ.

ಮ್ಯಾನೇಜರ್ ವಿಷಯ. ಐದು ವರ್ಷಕ್ಕೆ ಸಹಿ ಹಾಕಬೇಡಿ. 14 ಜನ ಬರುವ ಹಂತದಲ್ಲಿ ಮ್ಯಾನೇಜರ್ ಏನನ್ನು ಮ್ಯಾನೇಜ್ ಮಾಡುತ್ತಾರೆ? ಅವರು ಒಳ್ಳೆಯವರೇ ಇರಬಹುದು. ಹಾಗಿದ್ದರೆ ಆರು ತಿಂಗಳು ಪರೀಕ್ಷೆಗೆ ಕೆಲಸ ಮಾಡಲಿ, ಅವರು ತಂದ ಕೆಲಸಕ್ಕೆ ಪಾಲು ಕೊಡಿ. ಮ್ಯಾನೇಜರ್ ಪಾಲು ಸಾಮಾನ್ಯವಾಗಿ ಶೇ. 15ರಿಂದ 20. ಅದು ಒಟ್ಟು ಆದಾಯದ ಮೇಲೋ, ಖರ್ಚು ಕಳೆದ ಮೇಲೋ ಎಂದು ಕೇಳಿ. ಕಾರ್ಯಕ್ರಮಕ್ಕೆ ಹೋಗಿಬರುವ ಖರ್ಚೇ ಮುಕ್ಕಾಲು ಪಾಲು ತಿಂದರೆ, ಒಟ್ಟು ಆದಾಯದ ಶೇ. 20 ಎಂದರೆ ನಿಮಗೆ ಉಳಿಯುವುದು ಶೇ. 5. ಕರಾರು ಮುಗಿದ ಮೇಲೂ ಎಷ್ಟು ವರ್ಷ, ಯಾವ ಹಾಡಿನ ಮೇಲೆ, ಎಷ್ಟು ಪಾಲು ಹೋಗುತ್ತಿರುತ್ತದೆ ಎಂಬ ಸಾಲು ಹುಡುಕಿ. ನಿಮ್ಮ ಪರವಾಗಿ ಸಹಿ ಹಾಕುವ ಅಧಿಕಾರ ಅವರಿಗೆ ಕೊಡುವ ಸಾಲಿದ್ದರೆ ಅಲ್ಲೇ ನಿಲ್ಲಿಸಿ. ಹಾಡಿನ ಹಕ್ಕನ್ನು ಬರೆದುಕೊಡಿ ಎಂದರೆ ಅವರು ಮ್ಯಾನೇಜರ್ ಅಲ್ಲ, ಬೇರೇನೋ. ಯಾವುದಕ್ಕೂ ವಕೀಲರಿಗೆ ಒಮ್ಮೆ ತೋರಿಸಿ. "ಇವತ್ತೇ ಸಹಿ ಬೇಕು" ಎಂದರೆ ಇವತ್ತು ಆಗುವುದಿಲ್ಲ ಎನ್ನಿ.

ನೀವು ಕೇಳದ ಒಂದು ಮಾತು ಹೇಳಿ ಮುಗಿಸುತ್ತೇನೆ. ಕಿವಿ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು ಎಂಬುದು ಅಮೆರಿಕದ ನಿಯೋಶ್ ಎಂಬ ಸಂಸ್ಥೆಯ ಮಿತಿ. ಮೇಲಿನ ಪ್ರತಿ ಮೂರು ಡೆಸಿಬೆಲ್‌ಗೆ ಹೊತ್ತು ಅರ್ಧ ಆಗುತ್ತಾ ಹೋಗುತ್ತದೆ. 94ಕ್ಕೆ ಒಂದು ಗಂಟೆ, 100ಕ್ಕೆ ಹದಿನೈದು ನಿಮಿಷ. ಚಿಕ್ಕ ಕೋಣೆಯಲ್ಲಿ ಡ್ರಮ್ಸ್ ಜೊತೆ ಪ್ರಾಕ್ಟೀಸ್ ಮಾಡುವಾಗ 100 ಮುಟ್ಟುವುದು ಕಷ್ಟವೇನಲ್ಲ, ನಾವು ಕೂರುತ್ತಿದ್ದದ್ದು ಮೂರು ಮೂರು ಗಂಟೆ. ಸಂಗೀತಗಾರರಿಗೆಂದೇ ಮಾಡಿದ ಇಯರ್‌ಪ್ಲಗ್ ಸಿಗುತ್ತವೆ. ಅವು ಎಲ್ಲ ಸ್ವರವನ್ನೂ ಒಂದೇ ಹದದಲ್ಲಿ ತಗ್ಗಿಸುತ್ತವೆ, ಹತ್ತಿ ತುರುಕಿದ ಹಾಗೆ ಮಬ್ಬು ಮಾಡುವುದಿಲ್ಲ. ಮುಂದಿನ ಪೆಡಲ್ ಕೊಳ್ಳುವ ಮುಂಚೆ ಅದನ್ನು ಕೊಳ್ಳಿ. ನನಗೆ ಒಂಬತ್ತು ವರ್ಷದಿಂದ ಕಿವಿಯಲ್ಲಿ ಕೀ ಎಂಬ ಸದ್ದು ಇದೆ, ಮಲಗಿದಾಗ ಜಾಸ್ತಿ. ಎಡಗಿವಿ. ಡ್ರಮ್ಮರ್ ಯಾವಾಗಲೂ ನನ್ನ ಎಡಕ್ಕೇ ಕೂರುತ್ತಿದ್ದ.